ಬತ್ತಳಿಕೆಯಲ್ಲಿ ಬಚ್ಚಿಟ್ಟ ಬಾಣ

ಗೆದ್ದವನ ಹೆಸರನ್ನು ಊರಿಗೋ ಬೀದಿಗೋ ಇಡುವುದು ಲೋಕರೂಢಿ. ಸೋತವನ ಹೆಸರನ್ನು, ಅದೂ ಅವನು ಯಾವ ವ್ಯೂಹವನ್ನು ಹೂಡಿ ಸೋತನೋ ಆ ವ್ಯೂಹಕ್ಕೇ ಇಟ್ಟು, ನೂರು ವರ್ಷ ಕಳೆದ ಮೇಲೂ ಗೌರವದಿಂದ ನೆನೆಯುವ ಪದ್ಧತಿ ಚದುರಂಗದ ಲೋಕದಲ್ಲಿ ಮಾತ್ರ ಉಂಟೆಂದು ತೋರುತ್ತದೆ. 1918ನೆಯ ಇಸವಿ ಅಕ್ಟೋಬರ್ 23ರಂದು ನ್ಯೂಯಾರ್ಕ್ ನಗರದಲ್ಲಿ ಫ್ರಾಂಕ್ ಮಾರ್ಷಲ್ ಎಂಬಾತ ಹೋಸೆ ರಾವುಲ್ ಕಾಪಾಬ್ಲಾಂಕ ಎಂಬಾತನೊಡನೆ ಒಂದು ಆಟವಾಡಿದ. 36 ನಡೆಗಳಲ್ಲಿ ಸೋತ. ಆ ಆಟದಲ್ಲಿ ಮಾರ್ಷಲ್ ಆಡಿದ ಎಂಟನೆಯ ನಡೆಯಿಂದ ಮೊದಲಾಗುವ ಆಕ್ರಮಣಕ್ಕೆ ‘ಮಾರ್ಷಲ್ ದಾಳಿ’ ಎಂದೇ ಇಂದಿಗೂ ಹೆಸರು. ಜಗಜ್ಜೇತರೂ ಅದಕ್ಕೆ ಅಂಜುತ್ತಾರೆ.

ಆ ಕಾಲವಾದರೂ ಎಂಥದು! ಮೊದಲನೆಯ ಮಹಾಯುದ್ಧ ಮುಗಿಯಲು ಇನ್ನೂ ಮೂರು ವಾರಗಳಿಗೆ ಸ್ವಲ್ಪ ಕಡಮೆ ದಿನಗಳಿದ್ದವು. ನಮ್ಮ ಮೈಸೂರು ಸೀಮೆಯನ್ನೂ ಬಿಡದೆ ಕಾಡಿದ ಇನ್‌ಫ್ಲುಯೆಂಜಾ ಮಾರಿ ಆ ತಿಂಗಳು ನ್ಯೂಯಾರ್ಕಿನಲ್ಲಿ ಮನೆಮನೆಯ ಬಾಗಿಲನ್ನು ತಟ್ಟುತ್ತಿತ್ತು. ಯೂರೋಪಿನಲ್ಲಿ ದೊಡ್ಡ ಪಂದ್ಯಗಳು ನಿಂತು ನಾಲ್ಕು ವರ್ಷಗಳಾಗಿದ್ದವು. ಅಂಥ ಹೊತ್ತಿನಲ್ಲಿ ಏಳು ಮಂದಿ ಆಟಗಾರರು, ಒಬ್ಬೊಬ್ಬರೊಡನೆ ಎರಡೆರಡು ಬಾರಿ ಆಡುವ ಕರಾರಿನ ಮೇಲೆ, ನ್ಯೂಯಾರ್ಕಿನಲ್ಲಿ ಸೇರಿದರು. ಮಾರ್ಷಲ್, ಕಾಪಾಬ್ಲಾಂಕ ಇಬ್ಬರಲ್ಲದೆ ಜಾನೋವ್‌ಸ್ಕಿ, ಕೋಸ್ಟಿಚ್, ಚಾಯೆಸ್ ಮೊದಲಾದ ಪಳಗಿದ ಕೈಗಳೂ ಅಲ್ಲಿದ್ದವು.

ಮಾರ್ಷಲನಿಗೆ ಆಗ 41 ವರ್ಷ. ಹುಟ್ಟಿದ್ದು ನ್ಯೂಯಾರ್ಕಿನಲ್ಲಿ, ಬೆಳೆದದ್ದು ಕೆನಡಾದ ಮಾಂಟ್ರಿಯಲ್ ಪಟ್ಟಣದಲ್ಲಿ. ಬಾಯಲ್ಲಿ ಸದಾ ಚುಟ್ಟ. ಕಾಯಿಗಳನ್ನು ನೀರಿನಂತೆ ಚೆಲ್ಲಿ ರಾಜನ ಬೆನ್ನು ಹತ್ತುವ ಧಾರಾಳದ ಆಟ. 1904ರಲ್ಲಿ ಕೇಂಬ್ರಿಜ್ ಸ್ಪ್ರಿಂಗ್ಸ್ ಎಂಬಲ್ಲಿ ಆಗಿನ ಜಗಜ್ಜೇತ ಲಾಸ್ಕರನನ್ನೂ ಹಿಂದೆ ಹಾಕಿ ಮೊದಲ ಬಹುಮಾನ ಗೆದ್ದಿದ್ದ. ಆ ಉತ್ಸಾಹದಲ್ಲಿ 1907ರಲ್ಲಿ ಅದೇ ಲಾಸ್ಕರನಿಂದ ಪಟ್ಟವನ್ನು ಕಸಿಯಲು ಹೊರಟು, 15 ಆಟಗಳಲ್ಲಿ ಎಂಟನ್ನು ಸೋತು, ಏಳನ್ನು ಸರಿಸಮ ಮಾಡಿಕೊಂಡು, ಒಂದನ್ನೂ ಗೆಲ್ಲದೆ ಹಿಂದಿರುಗಿದ. ಇನ್ನೊಬ್ಬನಾಗಿದ್ದರೆ ಆಟದ ರೀತಿಯನ್ನು ಬದಲಿಸಿಕೊಂಡು ಹುಷಾರಾಗುತ್ತಿದ್ದನೇನೋ. ಮಾರ್ಷಲ್ ಬದಲಾಗಲಿಲ್ಲ.

ಕಾಪಾಬ್ಲಾಂಕನದು ಬೇರೆಯೇ ಜಾತಿ. 1888ರಲ್ಲಿ ಕ್ಯೂಬಾದ ಹವಾನಾ ನಗರದಲ್ಲಿ ಹುಟ್ಟಿದ ಈತ ನಾಲ್ಕು ವರ್ಷದ ಮಗುವಾಗಿದ್ದಾಗಲೇ, ತಂದೆ ಆಡುವುದನ್ನು ನೋಡಿ ನೋಡಿ, ಯಾರೂ ಕಲಿಸದೆ ಆಟವನ್ನು ಕಲಿತನಂತೆ. ಪುಸ್ತಕಗಳನ್ನು ಹೆಚ್ಚು ತಿರುವಿದವನಲ್ಲ. ಕಾಯಿಗಳು ಎಲ್ಲಿರಬೇಕೆಂಬುದು ಅವನ ಕಣ್ಣಿಗೆ ತಾನಾಗಿ ಕಾಣುತ್ತಿತ್ತು. ಸಂಗೀತದಲ್ಲಿ ಕೆಲವರಿಗೆ ಶ್ರುತಿ ಹುಟ್ಟಿನಿಂದಲೇ ಬಂದಿರುತ್ತದಲ್ಲವೆ, ಹಾಗೆ.

ಇವರಿಬ್ಬರ ನಡುವೆ ಒಂದು ಹಳೆಯ ಲೆಕ್ಕವಿತ್ತು. 1909ರಲ್ಲಿ ಮಾರ್ಷಲ್ ಅಮೆರಿಕದ ಅಗ್ರಗಣ್ಯ ಆಟಗಾರ. ಕಾಪಾಬ್ಲಾಂಕ 20 ವರ್ಷದ ಹುಡುಗ, ದೊಡ್ಡ ಪಂದ್ಯಗಳ ಮುಖವನ್ನೇ ನೋಡದವನು. ಇಬ್ಬರಿಗೂ ಪಂದ್ಯ ಏರ್ಪಟ್ಟಾಗ ಹುಡುಗನ ಗತಿ ಏನಾಗುವುದೋ ಎಂದು ಮರುಗಿದವರುಂಟು. ಆದದ್ದು ವಿಪರೀತ. 23 ಆಟಗಳಲ್ಲಿ ಹುಡುಗ ಎಂಟನ್ನು ಗೆದ್ದ, ಮಾರ್ಷಲ್ ಒಂದನ್ನು ಮಾತ್ರ ಗೆದ್ದ, ಉಳಿದ 14 ಸರಿಸಮ. ಇಷ್ಟಾಗಿಯೂ ಮಾರ್ಷಲನ ಮನಸ್ಸಿನ ಹಿರಿಮೆಯನ್ನು ಇಲ್ಲಿ ಹೇಳದೆ ಹೋದರೆ ಅನ್ಯಾಯವಾದೀತು. 1911ರಲ್ಲಿ ಸ್ಪೇನಿನ ಸಾನ್ ಸೆಬಾಸ್ಟಿಯನ್ನಿನಲ್ಲಿ ಘಟಾನುಘಟಿಗಳ ಪಂದ್ಯ ನಡೆಯುವುದಾದಾಗ, ಹಿಂದಿನ ಪಂದ್ಯಗಳ ಬಹುಮಾನವಿಲ್ಲದ ಈ ಹೊಸಬನಿಗೂ ಪ್ರವೇಶ ಕೊಡಲೇಬೇಕೆಂದು ಪಟ್ಟು ಹಿಡಿದವನು ಮಾರ್ಷಲನೇ. ತನ್ನನ್ನು ಸೋಲಿಸಿದವನಿಗೆ ತಾನೇ ಬಾಗಿಲು ತೆರೆದ! ಕಾಪಾಬ್ಲಾಂಕ ಒಳಗೆ ಬಂದು ಮೊದಲ ಬಹುಮಾನವನ್ನೇ ಹೊತ್ತುಕೊಂಡು ಹೋದ.

ಸ್ನೇಹ ಬೇರೆ, ಹಲಗೆಯ ಮೇಲಿನ ಸೇಡು ಬೇರೆ. 1918ರ ಹೊತ್ತಿಗೆ ಕಾಪಾಬ್ಲಾಂಕ ಸೋಲೆಂಬುದನ್ನು ಮರೆತೇಬಿಟ್ಟಿದ್ದ. 1916ರ ಫೆಬ್ರವರಿಯಲ್ಲಿ ಚಾಯೆಸನ ಕೈಯಲ್ಲಿ ಒಂದು ಆಟ ಸೋತವನು ಆಮೇಲೆ ಯಾರಿಗೂ ಮಣಿದಿರಲಿಲ್ಲ. ಅವನನ್ನು ಕೆಡಹುವುದು ಹೇಗೆಂದು ಎಲ್ಲರೂ ಯೋಚಿಸುತ್ತಿದ್ದರು. ಮಾರ್ಷಲನ ಬತ್ತಳಿಕೆಯಲ್ಲಿ ಒಂದು ಬಾಣವಿತ್ತು.

ಪಾದ್ರಿಯ ನಡೆ

ಬಾಣದ ಸ್ವರೂಪ ತಿಳಿಯಬೇಕಾದರೆ ಆಟದ ಆರಂಭವನ್ನು ಸ್ವಲ್ಪ ನೋಡಬೇಕು. ಕಾಯಿಗಳ ಹೆಸರಿನಲ್ಲಿ ನಮ್ಮಲ್ಲೇ ಊರಿಗೊಂದು ವಾಡಿಕೆಯಿರುವುದರಿಂದ ಮೊದಲೇ ಹೇಳಿಬಿಡುತ್ತೇನೆ. ಮೂಲೆಯಲ್ಲಿ ನಿಂತು ನೇರವಾಗಿ ನಡೆಯುವುದು ಆನೆ. ಓರೆಯಾಗಿ ಓಡುವುದು ಒಂಟೆ. ಇಂಗ್ಲಿಷರು ರಾಣಿ ಎನ್ನುವ ಕಾಯಿ ನಮ್ಮ ಹಿರಿಯರ ಮಂತ್ರಿ. ಕುದುರೆ, ಕಾಲಾಳುಗಳ ವಿಷಯದಲ್ಲಿ ಜಗಳವಿಲ್ಲ.

ನಮ್ಮ ಹಳೆಯ ದೇಶೀ ಆಟದಲ್ಲಿ ಕಾಲಾಳು ಮೊದಲ ಹೆಜ್ಜೆಯಲ್ಲೂ ಒಂದೇ ಮನೆ ನಡೆಯುತ್ತಿತ್ತು. ರಾಜ ಒಮ್ಮೆ ಕುದುರೆಯಂತೆ ಹಾರಬಹುದಿತ್ತೇ ಹೊರತು ಆನೆಯೊಡನೆ ಸ್ಥಳ ಬದಲಾಯಿಸಿ ಕೋಟೆ ಕಟ್ಟಿಕೊಳ್ಳುವ ಪದ್ಧತಿ ಇರಲಿಲ್ಲ. ಎರಡು ಸೈನ್ಯಗಳು ಸಂಧಿಸುವುದಕ್ಕೇ ಬಹಳ ಹೊತ್ತು ಹಿಡಿಯುತ್ತಿದ್ದುದರಿಂದ ಮೊದಲ ನಡೆಗಳ ಶಾಸ್ತ್ರ ನಮ್ಮಲ್ಲಿ ಅಷ್ಟಾಗಿ ಬೆಳೆಯಲಿಲ್ಲ. ನಮ್ಮವರ ಜಾಣ್ಮೆ ಬೇರೆ ಕಡೆ ಹರಿಯಿತು: ಮುಮ್ಮಡಿ ಕೃಷ್ಣರಾಜ ಒಡೆಯರು 64 ಮನೆಗಳನ್ನೂ ಕುದುರೆಯಿಂದ ಒಂದೊಂದೇ ಸಲ ಮೆಟ್ಟಿಸಿ ಬರುವ ಚಮತ್ಕಾರದ ಬಂಧಗಳನ್ನು ರಚಿಸಿದ್ದು ಮೈಸೂರಿನವರಿಗೆ ಗೊತ್ತೇ ಇದೆ. ಯೂರೋಪಿನಲ್ಲಾದರೋ ಕಾಲಾಳಿಗೆ ಎರಡು ಮನೆಯ ಜಿಗಿತವೂ ಮಂತ್ರಿಗೆ ಎಂಟು ದಿಕ್ಕಿನ ಓಟವೂ ಬಂದ ಮೇಲೆ ಐದಾರು ನಡೆಯಲ್ಲೇ ಕತ್ತಿಗೆ ಕತ್ತಿ ತಾಗತೊಡಗಿತು. ಆರಂಭದಲ್ಲಿ ಎಡವಿದವನು ಏಳುವಂತಿರಲಿಲ್ಲ. ಅದಕ್ಕಾಗಿ ಗ್ರಂಥಗಳು ಹುಟ್ಟಿದವು.

ಅಂಥ ಗ್ರಂಥಕರ್ತರಲ್ಲಿ ಒಬ್ಬ ಸ್ಪೇನಿನ ರೂಯ್ ಲೋಪೆಜ್ ಎಂಬ ಪಾದ್ರಿ. ಅವನ ಪುಸ್ತಕ ಹೊರಬಿದ್ದದ್ದು 1561ರಲ್ಲಿ. ಎದುರಾಳಿಯ ಕಣ್ಣಿಗೆ ಬಿಸಿಲು ಹೊಡೆಯುವಂತೆ ಹಲಗೆಯನ್ನು ಇಡಬೇಕೆಂದು ಸಲಹೆಯಿತ್ತ ಮಹಾನುಭಾವ ಇವನೇ ಎನ್ನುತ್ತಾರೆ; ದೇವರ ಸೇವಕನ ಮಾತೆಂದು ನಂಬುವುದು ಕಷ್ಟ. ಅದಿರಲಿ. ಅವನ ಹೆಸರು ಹೊತ್ತ ಆರಂಭ ಇಂದಿಗೂ ಬಳಕೆಯಲ್ಲಿದೆ. ಇಬ್ಬರೂ ರಾಜನ ಮುಂದಿನ ಕಾಲಾಳನ್ನು ಎರಡು ಮನೆ ತಳ್ಳುತ್ತಾರೆ. ಬಿಳಿಯವನ ಕುದುರೆ ಹೊರಬಂದು ಕರಿಯ ಕಾಲಾಳನ್ನು ದಿಟ್ಟಿಸುತ್ತದೆ. ಕರಿಯವನ ಕುದುರೆ ಬಂದು ಅದಕ್ಕೆ ಕಾವಲು ನಿಲ್ಲುತ್ತದೆ. ಮೂರನೆಯ ನಡೆಗೆ ಬಿಳಿಯ ಒಂಟೆ ದೂರದಿಂದ ಓಡಿಬಂದು ಆ ಕಾವಲುಗಾರ ಕುದುರೆಯ ಮೇಲೆ ಕಣ್ಣಿಡುತ್ತದೆ. ನೋಡುವುದಕ್ಕೆ ಸೌಮ್ಯ. ಆದರೆ ಇದರ ಒತ್ತಡ ಎಷ್ಟೋ ನಡೆಗಳವರೆಗೆ ಸಡಿಲುವುದಿಲ್ಲ. ಎದುರು ಮನೆಯ ಸಾಲಗಾರ ಜಗಲಿಯ ಮೇಲೆ ಸುಮ್ಮನೆ ಬಂದು ಕುಳಿತ ಹಾಗೆ.

ಆ ದಿನ ಬಿಳಿಯ ಕಾಯಿ ಕಾಪಾಬ್ಲಾಂಕನದು. ಅವನು ಪಾದ್ರಿಯ ನಡೆಯನ್ನೇ ಹಿಡಿದ. ಮಾರ್ಷಲ್ ಅಂಚಿನ ಕಾಲಾಳುಗಳನ್ನು ನೂಕಿ ಆ ಒಂಟೆಯನ್ನು ಎರಡು ಹೆಜ್ಜೆಯಲ್ಲಿ ಹಿಮ್ಮೆಟ್ಟಿಸಿದ. ಇಬ್ಬರೂ ಕೋಟೆ ಕಟ್ಟಿಕೊಂಡರು. ಬಿಳಿಯ ಆನೆ ನಡುಸಾಲಿಗೆ ಬಂದು ನಿಂತಿತು. ಎಂಟನೆಯ ನಡೆಗೆ ಕಾಪಾಬ್ಲಾಂಕ ಮಂತ್ರಿಯ ಪಕ್ಕದ ಒಂಟೆಯ ಮುಂದಿದ್ದ ಕಾಲಾಳನ್ನು ಒಂದು ಮನೆ ಸರಿಸಿದ. ಮುಂದೆ ನಡುವಣ ಪ್ರದೇಶವನ್ನೆಲ್ಲ ಕಾಲಾಳುಗಳಿಂದ ತುಂಬುವುದು ಅವನ ಹಂಚಿಕೆ. ಇಷ್ಟರವರೆಗೆ ಎಲ್ಲವೂ ಬಲ್ಲವರ ದಾರಿಯೇ. ಇಲ್ಲಿ ಕರಿಯವನು ಮಂತ್ರಿಯ ಮುಂದಿನ ಕಾಲಾಳನ್ನು ಒಂದು ಮನೆ ನಡೆಸಿ ತನ್ನ ನಡುಗಾವಲನ್ನು ಭದ್ರಪಡಿಸಿಕೊಳ್ಳುವುದು ವಾಡಿಕೆಯಾಗಿತ್ತು.

ಮಾರ್ಷಲ್ ಅದೇ ಕಾಲಾಳನ್ನು ಎರಡು ಮನೆ ತಳ್ಳಿದ.

ಒಂದು ಮನೆಗೂ ಎರಡು ಮನೆಗೂ ಇರುವ ಅಂತರದಲ್ಲಿ ಇಡೀ ಆಟವಿದೆ. ಹೀಗೆ ತಳ್ಳಿದರೆ ನಡುವೆ ಕಾಲಾಳುಗಳ ವಿನಿಮಯವಾಗಿ, ಕರಿಯವನ ರಾಜಪಕ್ಷದ ಕಾಲಾಳು ಎರಡು ಕಾಯಿಗಳ ಬಾಯಿಗೆ ಬೀಳುತ್ತದೆ. ಕಾಯಲು ಇರುವುದು ಒಂದೇ ಕುದುರೆ. ಕಾಲಾಳು ಹೋದದ್ದೇ. ಬದಲಿಗೆ ಏನು? ಮೇಲುನೋಟಕ್ಕೆ ಏನೂ ಇಲ್ಲ.

ತಿನ್ನುವುದೋ ಬಿಡುವುದೋ

ಕಾಪಾಬ್ಲಾಂಕನ ಸ್ಥಿತಿಯನ್ನು ಊಹಿಸಿಕೊಳ್ಳಿ. ಎದುರಿಗೆ ಕುಳಿತವನು ದಾಳಿಯ ಕಲೆಯಲ್ಲಿ ಲೋಕಪ್ರಸಿದ್ಧ. ಅವನು ಕೈಯಾರೆ ಕಾಲಾಳನ್ನು ಒಡ್ಡುತ್ತಿದ್ದಾನೆಂದರೆ ಮನೆಯಲ್ಲಿ ಕುಳಿತು, ಒಂದೊಂದು ನಡೆಗೂ ಉತ್ತರ ಹುಡುಕಿ ಇಟ್ಟುಕೊಂಡೇ ಬಂದಿದ್ದಾನೆ. ಅವನಿಗೆ ತಿಂಗಳುಗಳ ಅವಕಾಶ ಸಿಕ್ಕಿದೆ. ಉತ್ತರ ಹೇಳಬೇಕಾದವನಿಗೆ ಗಡಿಯಾರದ ಕೆಲವೇ ನಿಮಿಷಗಳು. ತಿನ್ನದೆ ಬಿಟ್ಟು ಬೇರೆ ದಾರಿ ಹಿಡಿಯಬಹುದಿತ್ತು. ಅದರಲ್ಲಿ ನಾಚಿಕೆಯೂ ಇರಲಿಲ್ಲ. 1921ರಲ್ಲಿ ಪ್ರಕಟವಾದ ತನ್ನ ಪುಸ್ತಕದಲ್ಲಿ ಕಾಪಾಬ್ಲಾಂಕ ಈ ಘಳಿಗೆಯನ್ನು ನೆನೆದಿದ್ದಾನೆ. ಭಯಂಕರವಾದ ದಾಳಿ ಬರಲಿದೆಯೆಂಬುದೂ ಅದರ ಕವಲುಗಳೆಲ್ಲ ಎದುರಾಳಿಗೆ ಮೊದಲೇ ಗೊತ್ತೆಂಬುದೂ ತನಗೆ ತಿಳಿದಿತ್ತು, ಆದರೂ ತನ್ನ ವಿವೇಚನೆಗೇ ಸವಾಲು ಬಂದಿತೆಂದು ಕದನದ ಹುರುಪು ಏರಿತು ಎಂಬುದು ಅವನ ಮಾತಿನ ತಾತ್ಪರ್ಯ. ಸ್ವಭಾವತಃ ತಣ್ಣಗಿನ ಮನುಷ್ಯ ಹೀಗೆ ಹೇಳಿಕೊಂಡಿರುವುದು ವಿಶೇಷವೇ. ಸ್ವಲ್ಪ ಯೋಚಿಸಿ, ಕಾಲಾಳನ್ನು ತಿಂದ.

ಕುದುರೆಗೆ ಕುದುರೆ ಹೋಯಿತು. ಬಿಳಿಯ ಆನೆ ನಡುಹಲಗೆಯಲ್ಲಿ ಬಂದು ನಿಂತಿತು. ಈಗ ಲೆಕ್ಕ ನೋಡಿದರೆ ಬಿಳಿಯವನಿಗೆ ಒಂದು ಕಾಲಾಳು ಲಾಭ. ಆದರೆ ಹಲಗೆಯನ್ನು ನೋಡಿದರೆ ಎದೆ ನಡುಗುತ್ತದೆ. ಬಿಳಿಯ ರಾಜನ ಮನೆಯನ್ನು ಕಾಯುತ್ತಿದ್ದ ಕುದುರೆ ಆ ವಿನಿಮಯದಲ್ಲಿ ಮಾಯವಾಗಿದೆ. ಎಡಪಕ್ಕದ ಆನೆ, ಕುದುರೆ, ಒಂಟೆ ಮೂರೂ ಹಾಸಿಗೆ ಬಿಟ್ಟೆದ್ದಿಲ್ಲ. ಕರಿಯವನ ಎರಡು ಒಂಟೆಗಳೂ ಕುದುರೆಯೂ ಮಂತ್ರಿಯೂ ಒಂದೇ ದಿಕ್ಕಿಗೆ, ಬಿಳಿಯ ರಾಜನತ್ತ, ಮುಖ ಮಾಡಿವೆ.

ಮಾರ್ಷಲ್ ತಡಮಾಡಲಿಲ್ಲ. ಕುದುರೆಯನ್ನು ರಾಜಪಕ್ಷಕ್ಕೆ ತಂದ. ಬಿಳಿಯ ಆನೆ ಹಿಂದಕ್ಕೆ ಸರಿದೊಡನೆ ಒಂಟೆಯನ್ನು ಮುಂದಿಟ್ಟ. ಕಾಪಾಬ್ಲಾಂಕ ಅಂಚಿನ ಕಾಲಾಳನ್ನು ಒಂದು ಮನೆ ಏರಿಸಿ ಕುದುರೆಗೆ ದಾರಿ ಮುಚ್ಚಲು ನೋಡಿದ. ಮಾರ್ಷಲನ ಕುದುರೆ ಆ ಕಾಲಾಳಿನ ಬಾಯಿಗೇ ಹಾರಿ ನಿಂತಿತು! ತಿಂದರೆ ಕರಿಯ ಮಂತ್ರಿ ರಾಜನ ನೆತ್ತಿಯ ಮೇಲೆ ಬಂದು ಕೂರುತ್ತಾನೆ. ಕಾಪಾಬ್ಲಾಂಕ ತಿನ್ನಲಿಲ್ಲ. ತನ್ನ ಮಂತ್ರಿಯನ್ನು ಹೊರಗೆ ತಂದ. ಆ ಒಂದು ನಡೆ ಕುದುರೆಯ ಮೇಲೂ ಕಣ್ಣಿಟ್ಟಿತು, ದೂರದ ಮೂಲೆಯಲ್ಲಿದ್ದ ಕರಿಯ ಆನೆಯ ಮೇಲೂ ಕಣ್ಣಿಟ್ಟಿತು.

ಮಾರ್ಷಲ್ ಆನೆಯ ಕಡೆ ತಿರುಗಿಯೂ ನೋಡದೆ ಮಂತ್ರಿಯನ್ನು ರಾಜನ ಮುಂದಕ್ಕೆ ನಡೆಸಿದ. ಆನೆ ಬಿಟ್ಟಿ ಬಿದ್ದಿದೆ. ಆದರೆ ಅದನ್ನು ತಿನ್ನಲು ಬಿಳಿಯ ಮಂತ್ರಿ ಹೋದನೋ, ಕರಿಯ ಮಂತ್ರಿ ರಾಜನ ಬಳಿಯ ಕಾಲಾಳನ್ನು ಹೊಡೆದು ಚೆಕ್ ಕೊಡುತ್ತಾನೆ. ರಾಜ ಮೂಲೆಗೆ ಸರಿಯಲೇಬೇಕು. ಒಡನೆಯೇ ಬಿಳಿಯ ಆನೆ ಹಾರಿಹೋಗಿ ರಾಜ ಮಾತ್. ಎರಡೇ ಏಟು. ಮನೆಯಲ್ಲಿ ಹಲಗೆಯಿಟ್ಟುಕೊಂಡು ನೋಡುವ ವಾಚಕರು ಈ ಭಾಗವನ್ನು ಒಮ್ಮೆ ಆಡಿಯೇ ನೋಡಬೇಕು.

ಕಾಪಾಬ್ಲಾಂಕ ಆನೆಯನ್ನು ಮುಟ್ಟದೆ ನಡುವಣ ಕಾಲಾಳನ್ನು ಎರಡು ಮನೆ ತಳ್ಳಿ, ನಿದ್ರಿಸುತ್ತಿದ್ದ ಒಂಟೆಗೆ ಬಾಗಿಲು ತೆಗೆದ. ಆಗ ಬಂತು ಮೂರನೆಯ ಬಲಿ. ಕರಿಯ ಕುದುರೆ ರಾಜನ ಪಕ್ಕದ ಕಾಲಾಳನ್ನು ಕೊಂದು ಕೋಟೆಯ ಒಳಗೇ ನುಗ್ಗಿತು.

ಇಲ್ಲಿ ನನ್ನ ಮಟ್ಟಿಗೆ ಆಟದ ಮರ್ಮವಿದೆ. ಸಾಧಾರಣ ಆಟಗಾರನ ಕೈ ತಾನಾಗಿ ಮಂತ್ರಿಯಿಂದ ಆ ಕುದುರೆಯನ್ನು ಹೊಡೆಯುತ್ತದೆ. ಹೊಡೆದಿದ್ದರೆ ಕರಿಯ ಒಂಟೆ ಮೊದಲು ಚೆಕ್ ಕೊಟ್ಟು ರಾಜನನ್ನು ಪಕ್ಕಕ್ಕೆ ಸರಿಸಿ, ಮರುನಡೆಯಲ್ಲಿ ಒಂದು ಮನೆ ಹಿಂದೆ ಬಂದು ಬಿಳಿಯ ಮಂತ್ರಿಗೆ ಗುರಿಯಿಡುತ್ತಿತ್ತು; ಮಂತ್ರಿ ತಪ್ಪಿಸಿಕೊಂಡರೂ ಇನ್ನೊಂದು ಒಂಟೆ ಅಂಚಿನ ಕಾಲಾಳಿನ ಮೇಲೆ ಬಿದ್ದು ರಾಜನ ಮನೆಯ ಗೋಡೆಯನ್ನೇ ಕೆಡವುತ್ತಿತ್ತು. ಇದರಲ್ಲಿ ಇನ್ನೊಂದು ಸೂಕ್ಷ್ಮವೂ ಇದೆ. ಕರಿಯವನು ಆತುರಪಟ್ಟು ಚೆಕ್ ಕೊಡುವುದನ್ನು ಬಿಟ್ಟು ನೇರವಾಗಿ ಮಂತ್ರಿಗೆ ಗುರಿಯಿಟ್ಟಿದ್ದರೆ, ಬಿಳಿಯ ಮಂತ್ರಿಯೇ ಕರಿಯ ರಾಜನ ಬಳಿಗೆ ಹಾರಿ ತನ್ನನ್ನು ಬಲಿಕೊಟ್ಟು, ಹಿಂದಿನಿಂದ ಆನೆ ಕೊನೆಯ ಸಾಲಿಗೆ ಇಳಿದು ಮಾತ್ ಮಾಡಿಬಿಡುತ್ತಿತ್ತು! ಒಂದೇ ನಡೆಯ ಹಿಂದುಮುಂದಿನಲ್ಲಿ ಗೆಲವು ಸೋಲು ತಲೆಕೆಳಗಾಗುತ್ತವೆ. ಇದನ್ನೆಲ್ಲ ಕಾಪಾಬ್ಲಾಂಕ ಹಲಗೆಯ ಮುಂದೆ, ಮೊದಲ ಸಲ ಕಾಣುತ್ತಿದ್ದಾನೆ.

ಅವನು ಕುದುರೆಯನ್ನು ಮುಟ್ಟಲಿಲ್ಲ. ಆನೆಯನ್ನು ಒಂದು ಮನೆ ಮೇಲಕ್ಕೆತ್ತಿದ, ಅಷ್ಟೆ. ಆದರೆ ಈಗ ಆನೆ ಕುದುರೆಗೆ ಗುರಿಯಿಟ್ಟಿತ್ತು, ಹಿಂದಿನ ಸಾಲಿನಲ್ಲಿ ರಾಜನಿಗೆ ಓಡುವ ದಾರಿಯೂ ಬಿಟ್ಟಿತ್ತು.

ರಾಜನ ಪ್ರಯಾಣ

ಮಾರ್ಷಲ್ ಇನ್ನೂ ಬಲಿಗಳನ್ನು ಕೊಡುತ್ತಲೇ ಹೋದ. ಒಂದು ಒಂಟೆಯನ್ನು ಅಂಚಿನ ಕಾಲಾಳಿಗೆ ಒಡ್ಡಿದ. ಇನ್ನೊಂದರಿಂದ ಚೆಕ್ ಕೊಟ್ಟ. ಮಂತ್ರಿಯನ್ನು ಬಿಳಿಯ ರಾಜನ ಮೂಲೆಯವರೆಗೂ ನುಗ್ಗಿಸಿದ. ಬಿಳಿಯ ರಾಜ ಕೋಟೆಯನ್ನು ಬಿಟ್ಟು ಹೊರಟ. ಒಂದೊಂದೇ ಹೆಜ್ಜೆ, ಎರಡೂ ಕಡೆ ಬಾಣಗಳು ಹಾರುತ್ತಿರುವಂತೆಯೇ, ರಾಜಪಕ್ಷದಿಂದ ಮಂತ್ರಿಪಕ್ಷಕ್ಕೆ ಹಲಗೆಯ ನಟ್ಟನಡುವೆ ನಡೆದುಹೋದ. 24ನೆಯ ನಡೆಯಲ್ಲಿ ಅವನು ತನ್ನ ಏಳದ ಕುದುರೆ, ಏಳದ ಆನೆಗಳ ನೆರಳಿಗೆ ಸೇರಿದಾಗ ಬಿರುಗಾಳಿ ನಿಂತಿತ್ತು. ಮೊದಲು ಸೋಮಾರಿಗಳಂತೆ ಕಂಡ ಆ ಕಾಯಿಗಳೇ ಈಗ ರಾಜನ ಅಂಗರಕ್ಷಕರಾದವು.

ಲೆಕ್ಕ ತೆಗೆದರೆ ಬಿಳಿಯವನ ಬಳಿ ಒಂದು ಆನೆಗೆ ಬದಲಾಗಿ ಎರಡು ಕಾಯಿಗಳು ಹೆಚ್ಚಾಗಿದ್ದವು. ಕಾಲಾಳುಗಳು ಇಬ್ಬರಿಗೂ ಆರಾರು. ಕರಿಯ ಮಂತ್ರಿ, ಒಂಟೆಗಳೆರಡೂ ಬಿಳಿಯವನ ಖಾಲಿ ಮನೆಯಲ್ಲಿ ಕಳ್ಳರಂತೆ ಸಿಕ್ಕಿಕೊಂಡಿದ್ದವು. ಕದಿಯಲು ಅಲ್ಲಿ ಏನೂ ಉಳಿದಿರಲಿಲ್ಲ.

ಆಮೇಲಿನದು ಕಾಪಾಬ್ಲಾಂಕನ ನಿತ್ಯದ ಕೆಲಸ. 29ನೆಯ ನಡೆಯವರೆಗೆ ಹುಟ್ಟಿದ ಮನೆಯಿಂದ ಕದಲದಿದ್ದ ಮೂಲೆಯ ಕಾಲಾಳೊಂದು ಎದ್ದಿತು. ಮರುನಡೆಯಲ್ಲಿ ಅದು ಪಕ್ಕದ ಕರಿಯ ಕಾಲಾಳನ್ನು ಹೊಡೆಯಿತು. ಅದರ ಹಿಂದಿದ್ದ ಆನೆ 31ನೆಯ ನಡೆಯಲ್ಲಿ ಆಟದಲ್ಲಿ ಮೊದಲ ಬಾರಿ ಕದಲಿ ನೇರವಾಗಿ ಶತ್ರುವಿನ ನಾಡಿಗೆ ಇಳಿಯಿತು. 32ನೆಯದರಲ್ಲಿ ಕುದುರೆಯೂ ಎದ್ದಿತು. ಕಾಲಾಳು ಒಂದೊಂದೇ ಮನೆ ಮುಂದೆ ಸರಿದು ಮಂತ್ರಿಯಾಗಲು ಒಂದೇ ಹೆಜ್ಜೆ ಉಳಿಯಿತು. ಮಾರ್ಷಲ್ ಬಿಳಿಯ ಮಂತ್ರಿಯ ಮೇಲೆ ಆನೆಯನ್ನು ಹಾಕಿದ. ಕಾಪಾಬ್ಲಾಂಕ ಅದನ್ನು ಲೆಕ್ಕಿಸದೆ ಒಂಟೆಯನ್ನು ಕರಿಯ ರಾಜನ ಪಕ್ಕದ ಕಾಲಾಳಿನ ಮೇಲೆ ಬಿಟ್ಟು ಚೆಕ್ ಹೇಳಿದ. ಇನ್ನು ನಾಲ್ಕೇ ನಡೆಗಳಲ್ಲಿ ಮಾತ್, ತಪ್ಪಿಸುವ ಉಪಾಯವಿಲ್ಲ. ಬಲಿಯ ಮೇಲೆ ಬಲಿ ಕೊಟ್ಟವನನ್ನು ಕೊನೆಗೆ ಬಲಿಯಿಂದಲೇ ಮುಗಿಸಿದ.

ಪಂದ್ಯವನ್ನು ಗೆದ್ದವನೂ ಕಾಪಾಬ್ಲಾಂಕನೇ. 12 ಆಟಗಳಲ್ಲಿ ಅವನದು ಹತ್ತೂವರೆ ಅಂಕ. ಒಂಬತ್ತು ಪಡೆದ ಕೋಸ್ಟಿಚ್ ಎರಡನೆಯವನು, ಏಳು ಪಡೆದ ಮಾರ್ಷಲ್ ಮೂರನೆಯವನು. 1921ರಲ್ಲಿ ತನ್ನ ಹುಟ್ಟೂರಾದ ಹವಾನಾದಲ್ಲೇ ಕಾಪಾಬ್ಲಾಂಕ ಲಾಸ್ಕರನನ್ನು ಮಣಿಸಿ ಜಗಜ್ಜೇತನಾದ. 1916ರ ಆ ಸೋಲಿನ ಬಳಿಕ ಅವನು ಮತ್ತೆ ಸೋತದ್ದು 1924ರ ಮಾರ್ಚಿನಲ್ಲಿ, ರೇಟಿಯ ಕೈಯಲ್ಲಿ. ನಡುವಣ ಎಂಟು ವರ್ಷಗಳಲ್ಲಿ ಅವನನ್ನು ಹೆಚ್ಚು ಹೆದರಿಸಿದವನು ಯಾರೆಂದು ಕೇಳಿದರೆ ನಾನು ಮಾರ್ಷಲನ ಹೆಸರನ್ನೇ ಹೇಳುತ್ತೇನೆ.

ಒಂಬತ್ತು ವರ್ಷದ ಕಥೆ

ಈ ಆಟದ ಸುತ್ತ ಹಬ್ಬಿರುವ ಕಥೆ ಬಹು ಸೊಗಸಾದದ್ದು. 1909ರ ಅವಮಾನವನ್ನು ನುಂಗಿಕೊಂಡ ಮಾರ್ಷಲ್ ಈ ನಡೆಯನ್ನು ಕಂಡುಹಿಡಿದು, ಒಂಬತ್ತು ವರ್ಷ ಯಾರಿಗೂ ತೋರಿಸದೆ ಕಾಪಾಬ್ಲಾಂಕನಿಗಾಗಿಯೇ ಬಚ್ಚಿಟ್ಟಿದ್ದನಂತೆ. ಇಂದ್ರನಿತ್ತ ಶಕ್ತ್ಯಾಯುಧವನ್ನು ಅರ್ಜುನನಿಗೆಂದು ಕಾಯ್ದಿರಿಸಿದ ಕರ್ಣನ ನೆನಪು ನಮಗೆ ಬಾರದಿರದು. ಕಥೆ ಇಷ್ಟು ಚೆನ್ನಾಗಿರುವುದರಿಂದಲೇ ಸಂಶಯಪಡಬೇಕು. 1909ರಿಂದ 1918ರವರೆಗೆ ಇವರಿಬ್ಬರೂ ಮತ್ತೆ ಮತ್ತೆ ಎದುರಾಗಿದ್ದರು; ನಡೆಯನ್ನು ಹೂಡುವ ಅವಕಾಶಗಳು ಮಾರ್ಷಲನಿಗೆ ಇಲ್ಲದಿರಲಿಲ್ಲ. ಅದೂ ಅಲ್ಲದೆ, ಇದೇ ಬಗೆಯ ನಡೆ 1893ರಲ್ಲಿಯೇ ಒಂದು ಆಟದಲ್ಲಿ ಕಾಣಿಸಿಕೊಂಡಿತ್ತು. ಎಲ್ಲಿ ಎನ್ನುವಿರಿ? ಕಾಪಾಬ್ಲಾಂಕನ ಹವಾನಾದಲ್ಲಿಯೇ, ಅವನು ತಂದೆಯ ತೊಡೆಯ ಬಳಿ ಕಾಯಿಗಳನ್ನು ನೋಡಿ ಕಲಿಯುತ್ತಿದ್ದ ವಯಸ್ಸಿನಲ್ಲಿ.

ಹಾಗಾದರೆ ಕಥೆ ಸುಳ್ಳೆ? ಒಂಬತ್ತು ವರ್ಷ ಎಂಬ ಅಂಕೆ ಸುಳ್ಳಿರಬಹುದು. ಮನೆಯಲ್ಲಿ ತಾಲೀಮು ಮಾಡಿಕೊಂಡೇ ಮಾರ್ಷಲ್ ಬಂದಿದ್ದನೆಂಬುದರಲ್ಲಿ ಕಾಪಾಬ್ಲಾಂಕನಿಗೇ ಅನುಮಾನವಿರಲಿಲ್ಲ.

ನಿಜವಾಗಿ ವಿಚಾರ ಮಾಡಬೇಕಾದದ್ದು, ಬಾಣ ಗುರಿ ತಪ್ಪಿದ್ದು ಬಾಣದ ದೋಷವೋ ಎಂಬುದು. ಅಲ್ಲವೆಂದು ಮುಂದಿನವರು ತೋರಿಸಿಕೊಟ್ಟರು. ಮಾರ್ಷಲ್ 11ನೆಯ ನಡೆಯಲ್ಲಿ ಕುದುರೆಯನ್ನು ನಡುಹಲಗೆಯಿಂದ ರಾಜಪಕ್ಷಕ್ಕೆ ಸರಿಸಿದ್ದ. ಅದನ್ನು ಅಲ್ಲಿಯೇ ನಿಲ್ಲಿಸಿ, ಪಕ್ಕದ ಸಾಲಿನ ಕಾಲಾಳೊಂದನ್ನು ಒಂದೇ ಮನೆ ಸರಿಸಿ ಅದಕ್ಕೆ ಆಸರೆ ಕೊಟ್ಟರೆ ಸಾಕು, ದಾಳಿ ಹತ್ತು ಪಾಲು ಗಟ್ಟಿಯಾಗುತ್ತದೆ. ಬಲಿಗಳ ಆರ್ಭಟ ಬೇಕಿಲ್ಲ. ಒಂದು ಕಾಲಾಳಿನ ನಷ್ಟಕ್ಕೆ ಪ್ರತಿಯಾಗಿ ಬಿಳಿಯವನ ಕತ್ತಿನ ಮೇಲೆ ಕೈಯಿಟ್ಟು ಗಂಟೆಗಟ್ಟಲೆ ಕೂರಬಹುದು. 1965ರಲ್ಲಿ ತಿಬಿಲಿಸಿಯಲ್ಲಿ ಜಗಜ್ಜೇತನಿಗೆ ಸವಾಲು ಹಾಕುವ ಹಕ್ಕಿಗಾಗಿ ಸ್ಪಾಸ್ಕಿ, ತಾಲ್ ಇಬ್ಬರೂ ಸೆಣಸಿದಾಗ ಸ್ಪಾಸ್ಕಿ ಹಿಡಿದದ್ದು ಈ ದಾರಿಯನ್ನೇ. ದಾಳಿಯ ಮಾಂತ್ರಿಕನೆನಿಸಿದ ತಾಲನಿಗೇ ಈ ದಾಳಿಯನ್ನು ಒಡೆಯಲಾಗಲಿಲ್ಲ. ಮುಂದೆ 1993ರಲ್ಲಿ ಲಂಡನ್ನಿನಲ್ಲಿ ಶಾರ್ಟ್‌ನೊಡನೆ ಪಟ್ಟಕ್ಕಾಗಿ ಆಡುವಾಗ ಕಾಸ್ಪರೋವ್ ಇದರ ಗೊಡವೆಯೇ ಬೇಡವೆಂದು, ಮಾರ್ಷಲನಿಗೆ ಅವಕಾಶ ಸಿಗುವ ಮೊದಲೇ ಎಂಟನೆಯ ನಡೆಯಲ್ಲಿ ಅಂಚಿನ ಕಾಲಾಳನ್ನು ತಳ್ಳಿ ಬೇರೆ ಬೀದಿಗೆ ಹೊರಳಿದ. ಕಾಪಾಬ್ಲಾಂಕ ತಿಂದ ಕಾಲಾಳನ್ನು ತಿನ್ನಲು ಎಲ್ಲರಿಗೂ ಧೈರ್ಯ ಬರುವುದಿಲ್ಲ.

ಮಾರ್ಷಲ್ ಇದನ್ನೆಲ್ಲ ನೋಡಲು ಇರಲಿಲ್ಲ. 1909ರಿಂದ 1936ರವರೆಗೆ ಅಮೆರಿಕದ ಚಾಂಪಿಯನ್ ಪಟ್ಟ ಅವನ ಬಳಿಯೇ ಇತ್ತು. ನ್ಯೂಯಾರ್ಕಿನ ಹತ್ತನೆಯ ಬೀದಿಯಲ್ಲಿ ಅವನ ಹೆಸರಿನ ಚದುರಂಗದ ಕ್ಲಬ್ಬು ನೆಲೆನಿಂತಿತು. ಕಾಪಾಬ್ಲಾಂಕ 1942ರ ಮಾರ್ಚಿನಲ್ಲಿ ಅದೇ ನಗರದ ಇನ್ನೊಂದು ಕ್ಲಬ್ಬಿನಲ್ಲಿ ಆಟ ನೋಡುತ್ತ ಕುಸಿದು ಮರುದಿನ ತೀರಿಕೊಂಡ. ಎರಡು ವರ್ಷಗಳ ಬಳಿಕ, 1944ರಲ್ಲಿ, ಮಾರ್ಷಲನೂ ಹೋದ.

ಮನೆಯ ತಾಲೀಮಿಗೂ ಹಲಗೆಯ ಮುಂದಿನ ಬುದ್ಧಿಗೂ ನಡೆಯುವ ಜಗಳ ಮಾತ್ರ ನಿಲ್ಲಲಿಲ್ಲ. 2004ರಲ್ಲಿ ಸ್ವಿಟ್ಜರ್ಲೆಂಡಿನ ಬ್ರಿಸ್ಸಾಗೊ ಎಂಬ ಊರಿನಲ್ಲಿ ಜಗಜ್ಜೇತ ಕ್ರಾಮ್ನಿಕನಿಗೂ ಹಂಗರಿಯ ಲೆಕೊ ಎಂಬ ತರುಣನಿಗೂ 14 ಆಟಗಳ ಪಂದ್ಯ ನಡೆಯಿತು. ಪಂದ್ಯ ಏಳು ಏಳು ಅಂಕಗಳಲ್ಲಿ ಸರಿಸಮವಾಗಿ ಮುಗಿದು, ಪಟ್ಟ ಕ್ರಾಮ್ನಿಕನಲ್ಲೇ ಉಳಿಯಿತು. ಅದರ ಎಂಟನೆಯ ಆಟದಲ್ಲಿ ಲೆಕೊ ಕರಿಯ ಕಾಯಿ ಹಿಡಿದು ಮಾರ್ಷಲ್ ದಾಳಿಯನ್ನು ಹೂಡಿದ. ಈ ಬಾರಿ ಬಾಣವನ್ನು ಬಚ್ಚಿಟ್ಟುಕೊಂಡು ಬಂದಿದ್ದವನು ಬಿಳಿಯವನು. ಕ್ರಾಮ್ನಿಕನೂ ಅವನ ಸಹಾಯಕರೂ ಕಂಪ್ಯೂಟರಿನ ನೆರವಿನಿಂದ ಒಂದು ನಡೆಗಳ ಸಾಲನ್ನು ಮನೆಯಲ್ಲೇ ಹೆಣೆದು, ಗೆಲವು ಖಚಿತವೆಂದು ನಂಬಿ ತಂದಿದ್ದರು. ಯಂತ್ರದ ಲೆಕ್ಕವನ್ನು ಇನ್ನು ಕೆಲವು ನಡೆಗಳಷ್ಟು ದೂರ ಓಡಿಸಿ ನೋಡುವ ವ್ಯವಧಾನ ಅವರಿಗಿರಲಿಲ್ಲ. ಕ್ರಾಮ್ನಿಕ್ ಸರಸರನೆ ಆಡಿದ. ಲೆಕೊ ಬಹಳ ಹೊತ್ತು ಯೋಚಿಸುತ್ತ ಕುಳಿತ. 25ನೆಯ ನಡೆಯಲ್ಲಿ ತನ್ನ ಮಂತ್ರಿಯನ್ನು ಬಿಳಿಯ ರಾಜನ ಅಂಗಳಕ್ಕೆ ನಡೆಸಿದ. ಕ್ರಾಮ್ನಿಕ್ ಸೋಲೊಪ್ಪಿ ಕೈ ಚಾಚಿದ್ದು 32ನೆಯ ನಡೆಯಲ್ಲಿ.